ಜೋಡಿ ಡಿಸ್ಕು

ಅಪ್ಪ ಕೂರಲಿಲ್ಲ. ಗಿರಾಕಿಗಳಿಗೆಂದು ಅಂಗಡಿಯಲ್ಲಿ ಇಟ್ಟಿದ್ದ ಎರಡು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಒಂದರ ಮೇಲೆ ನಾಟಕದ ಮೇಷ್ಟ್ರು ನೀಲಕಂಠಸ್ವಾಮಿ ಕೂತಿದ್ದರು, ಇನ್ನೊಂದು ಖಾಲಿಯಿತ್ತು. ದೇವಯ್ಯ ಮಾತ್ರ ಮೇಷ್ಟ್ರ ಕೆಟ್ಟುಹೋದ ಕಂಪ್ಯೂಟರನ್ನು ಆಟೋದಿಂದ ತಾನೇ ಹೊತ್ತು ತಂದು ಮಗಳ ಮೇಜಿನ ಮೇಲಿಳಿಸಿದ ಮೇಲೂ ಬಾಗಿಲ ಹತ್ತಿರವೇ ನಿಂತು, ಬರಿದಾದ ಕೈಗಳನ್ನು ಏನು ಮಾಡುವುದೆಂದು ತಿಳಿಯದೆ ಟವೆಲ್ಲಿನ ತುದಿಯನ್ನು ಹಿಡಿದುಕೊಂಡಿದ್ದ. 'ಕೂತ್ಕೊಳಪ್ಪ' ಎಂದಳು ಸಂಘಮಿತ್ರ. 'ಇರ್ಲಿ ಬುಡವ್ವ, ಮಿಲ್ಲಿಗೆ ಹೊತ್ತಾಯ್ತದೆ' ಎಂದ, ಆದರೆ ಹೋಗಲೂ ಇಲ್ಲ. ಅಂಗಡಿ ಅವಳದು. ಕೆ.ಆರ್. ನಗರದ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಗೊಬ್ಬರದಂಗಡಿಗೂ ಟೈಲರ್ ಅಂಗಡಿಗೂ ನಡುವೆ, ಬೋರ್ಡಿನ ಮೇಲೆ ಅವಳದೇ ಹೆಸರು, ಘಕಾರದ ಸಮೇತ. ಆ ಹೆಸರಿಟ್ಟದ್ದು ಕೇರಿಯ ಸಂಘದ ಹುಡುಗರು. ಅಪ್ಪನ ಬಾಯಲ್ಲಿ ಅದು ಇವತ್ತಿಗೂ ಸಂಗಮಿತ್ರ. ಬೋರ್ಡು ಹಾಕಿಸಿದ ದಿನ ಅಪ್ಪ ಬೀದಿಯ ಆಚೆ ಬದಿಯಲ್ಲಿ ನಿಂತು ಬಹಳ ಹೊತ್ತು ಅದನ್ನೇ ನೋಡಿದ್ದ. ಅವತ್ತು ಕೂತಿದ್ದ, ಕುರ್ಚಿ ಎಳೆದುಕೊಂಡು, ಕಾಲ ಮೇಲೆ ಕಾಲು ಹಾಕಿಕೊಂಡು. ಇವತ್ತು ಏನಾಯಿತು ಎಂದು ಕೇಳಬೇಕಿರಲಿಲ್ಲ, ಕುರ್ಚಿಯ ಮೇಲೆ ಮೇಷ್ಟ್ರು ಕೂತಿದ್ದರು, ಅಷ್ಟೇ.

ಮೇಷ್ಟ್ರು ಮೊದಲಿನಂತಿರಲಿಲ್ಲ. ಹೋದ ವರ್ಷ ಗಂಟಲಿನ ಗೆಡ್ಡೆ ತೆಗೆಸಿದ ಮೇಲೆ ಅವರ ದನಿ ಹೋಗಿ ಬರಿಯ ಉಸಿರು ಉಳಿದಿತ್ತು. ಬಿಸಿಲಲ್ಲೂ ಕೊರಳಿಗೆ ಮಫ್ಲರ್ ಸುತ್ತಿಕೊಂಡಿದ್ದರು. ಹೊಸ ಅಗ್ರಹಾರದ ಸುತ್ತಮುತ್ತಲ ಹಳ್ಳಿಗಳಲ್ಲಿ ಅವರು ಹಾರ್ಮೋನಿಯಂ ಮುಂದೆ ಕೂತು ಪೌರಾಣಿಕ ನಾಟಕ ಕಲಿಸದ ಊರಿರಲಿಲ್ಲ. ಮೈಕು ಕೈಕೊಟ್ಟರೂ ಕೊನೆಯ ಸಾಲಿಗೆ ಕೇಳುವ ದನಿ ಎಂದು ಹೆಸರಾಗಿದ್ದವರು. 'ಹಾಡಿನ ಮಟ್ಟುಗಳೆಲ್ಲ ಇದ್ರೊಳ್ಗೇ ಅವೆ ಕಣವ್ವ' ಎಂದ ದೇವಯ್ಯ. 'ಬುದ್ದಿಯೋರೇ ಹಾಡಿ ತುಂಬ್ಸಿರೋವು. ಈ ಸಲ ನಂದು ರಾಜನ ಪಾರ್ಟು. ಮಟ್ಟು ಕಿವೀಗೆ ಬೀಳ್ದೆ ಎಂಗ್ ಕಲೀಲಿ.' ಒಡೆಯರನ್ನು ಕರೆಯುವ ಬುದ್ದಿ ಎಂಬ ಮಾತು ಸಂಘಮಿತ್ರಳ ಹಲ್ಲಿಗೆ ಕಲ್ಲಿನಂತೆ ಸಿಕ್ಕಿತು. ಮೇಷ್ಟ್ರು ಮುಂದಕ್ಕೆ ಬಾಗಿ, ಅವಳ ಮುಖ ನೋಡದೆ, 'ಹಳೇದು ಬೇಡ. ಎಲ್ಲ ಅಳಿಸಿ ಹೊಸದಾಗಿ ಏನಾದ್ರೂ ಹಾಕ್ಬುಡವ್ವ. ಸುಮ್ನೆ ಯಾಕೆ ತ್ರಾಸು' ಎಂದರು. ಇವಳ ಕೈಲಿ ಆಗುವುದಲ್ಲ ಎನ್ನುತ್ತಿದ್ದಾರೆ ಎಂದುಕೊಂಡಳು ಅವಳು. ಮೈಸೂರಿನಲ್ಲಿ ಸರ್ವಿಸ್ ಸೆಂಟರಿನ ಕೌಂಟರಿನಲ್ಲಿ ಕೂತಿದ್ದ ವರ್ಷಗಳಲ್ಲಿ ಬಂದವರೆಲ್ಲ ಅವಳ ತಲೆಯ ಮೇಲಿಂದ ಒಳಗೆ ಇಣುಕಿ 'ಸಾರ್ ಇಲ್ವಾ' ಎನ್ನುತ್ತಿದ್ದದ್ದು ಇದೇ ದನಿಯಲ್ಲಿ. 'ಹಳೇದನ್ನ ಅಳಿಸದೇನೇ ಮಾಡ್ಕೊಡ್ತೀನಿ ಮೇಷ್ಟ್ರೇ. ವಿಂಡೋಸ್ ಈ ಮಿಷನ್ನಿಗೆ ಇನ್ನು ಭಾರ, ಲಿನಕ್ಸ್ ಹಾಕ್ತೀನಿ. ಮಧ್ಯಾಹ್ನ ಊಟ ಆದ್ಮೇಲೆ ಬನ್ನಿ' ಎಂದಳು. ಬೇಕಾದದ್ದಕ್ಕಿಂತ ಗಟ್ಟಿಯಾಗಿ ಹೇಳಿದೆ ಎಂದು ಅವರಿಬ್ಬರೂ ಬೀದಿಗಿಳಿದ ಮೇಲೆ ಅವಳಿಗೆ ಅನ್ನಿಸಿತು.

ಗಟ್ಟಿಯಾಗಿ ಹೇಳಿದ ಮಾತು ಅರ್ಧ ಗಂಟೆಯೊಳಗೇ ಅವಳನ್ನು ಕುಟುಕತೊಡಗಿತು. ಲಿನಕ್ಸ್ ತುಂಬಿದ್ದ ಪೆನ್ ಡ್ರೈವ್ ಚುಚ್ಚಿ ಶುರು ಮಾಡಿದರೆ ಎಲ್ಲ ಸಲೀಸಾಗಿ ಬಂದು, ಎಲ್ಲಿ ಹಾಕಲಿ ಎಂದು ಕೇಳುವ ಜಾಗದಲ್ಲಿ ಒಂದರ ಬದಲು ಎರಡು ಡಿಸ್ಕು ತೋರಿಸಿತು. ಒಂದೇ ಅಳತೆ, ಒಂದೇ ಕಂಪನಿ, ಅವಳಿ ಮಕ್ಕಳ ಹಾಗೆ. ಮೇಷ್ಟ್ರ ಮಾತಿನಲ್ಲಿ ಎರಡರ ಸುಳಿವೇ ಇರಲಿಲ್ಲ. ಅವರ ವಿಂಡೋಸಿನಲ್ಲಿ ಅದು ಒಂದೇ ಆಗಿ ಕಂಡಿರಬೇಕು. ಪೆಟ್ಟಿಗೆ ಬಿಚ್ಚಿದಳು, ನಿಜಕ್ಕೂ ಎರಡಿದ್ದವು. ಯಾವ ಕಾಲದಲ್ಲೋ ಇದನ್ನು ಜೋಡಿಸಿದವನು ಜಾಣನಿದ್ದ: ಮದರ್‌ಬೋರ್ಡಿನಲ್ಲೇ ರೇಡ್ ಕಟ್ಟಿದ್ದ. ಒಂದರಲ್ಲಿ ಬರೆದದ್ದೆಲ್ಲ ಇನ್ನೊಂದರಲ್ಲೂ ಹಾಗೆಯೇ ಮೂಡುವ ಜೋಡಿ, ಒಂದು ಸತ್ತರೆ ಇನ್ನೊಂದು ಇರಲಿ ಎಂದು. ಆದರೆ ಇಂಥ ಜೋಡಿಯಲ್ಲಿ ಅರ್ಧ ಕೆಲಸ ಬೋರ್ಡಿನದು, ಅರ್ಧ ವಿಂಡೋಸಿನದು. ವಿಂಡೋಸ್ ಬಿಟ್ಟುಹೋದ ಮೇಲೆ ಲಿನಕ್ಸಿನ ಕಣ್ಣಿಗೆ ಎರಡೂ ಬೇರೆ ಬೇರೆಯಾಗಿಯೇ ಕಂಡವು. ಎರಡರಲ್ಲಿ ಒಂದನ್ನು ಆರಿಸಿ ಮುಂದಕ್ಕೆ ಒತ್ತಿದ್ದರೆ ಇಷ್ಟು ಹೊತ್ತಿಗೆ ಅದರಲ್ಲಿದ್ದದ್ದೆಲ್ಲ ಹೋಗಿರುತ್ತಿತ್ತು. ಬೆರಳು ಮೌಸಿನ ಮೇಲಿತ್ತು. ಎತ್ತಿದಳು. ಮತ್ತೆ ಮೊದಲಿನಿಂದ ಶುರು ಮಾಡಿ, ಈ ಸಲ ಪರದೆಯನ್ನು ಕಣ್ಣು ಮಿಟುಕಿಸದೆ ನೋಡಿದಾಗ, ಮೊದಲ ಸಲ ಗಮನಿಸದೆ ಬಿಟ್ಟಿದ್ದ ಕೆಂಪು ಸಾಲೊಂದು ಕಂಡು ಮಾಯವಾಯಿತು. ಜೋಡಿ ಮುರಿದಿದೆ, ಒಂದು ಡಿಸ್ಕು ಹೊರಗುಳಿದಿದೆ, ಮತ್ತೆ ಕೂಡಿಸಲೇ ಎಂದು ಬೋರ್ಡು ಕೇಳುತ್ತಿತ್ತು.

ಹುಣಸೂರಿನಲ್ಲಿ ಇದೇ ಕೆಲಸ ಮಾಡುವ ವಸಂತನಿಗೆ ಫೋನ್ ಮಾಡಿದಳು. 'ತಲೆ ಕೆಡಿಸ್ಕೋಬ್ಯಾಡಿ ಅಕ್ಕ' ಎಂದ ಅವನು, ಬಾಯಲ್ಲಿ ಏನೋ ಅಗಿಯುತ್ತ. 'ರೀಬಿಲ್ಡ್ ಅಂತ ಕೇಳ್ತದಲ್ಲ, ಒತ್ಬುಡಿ. ಎರಡೂ ಸೇರ್ಕೊತವೆ.'

'ಯಾವುದರಿಂದ ಯಾವುದಕ್ಕೆ ನಕಲಾಯ್ತದೆ?'

'ಅದೇ ನೋಡ್ಕೊತದೆ ಬುಡಿ.'

'ಅದೇ ಅಂದ್ರೆ ಯಾವುದು ವಸಂತ?'

ಅವನು ನಕ್ಕ. 'ನಿಮ್ಮಂಗೆ ಕೇಳ್ತಾ ಕೂತ್ರೆ ನಾನು ಅಂಗಡಿ ಮುಚ್ಬೇಕಾಯ್ತದೆ ಕಣಕ್ಕ. ರೀಬಿಲ್ಡ್ ಬ್ಯಾಡ ಅಂದ್ರೆ ರೇಡ್ ತೆಗ್ದಾಕಿ, ಎರಡೂ ಒರೆಸಿ, ಲಿನಕ್ಸ್ ಹಾಕಿ. ಅವ್ರೇ ಹಳೇದು ಬ್ಯಾಡ ಅಂತವ್ರಲ್ಲ.' ನಿಜ, ಅವರೇ ಬೇಡ ಎಂದಿದ್ದರು. ಆದರೆ ಅವರು ಬೇಡ ಎಂದ ರೀತಿಗೇ ಅವಳಿಗೆ ಅದು ಬೇಕಾಗಿತ್ತು. ಫೋನ್ ಇಟ್ಟು, ಪೆನ್ ಡ್ರೈವಿನಿಂದಲೇ ಲಿನಕ್ಸ್ ನಡೆಸಿ, ಎರಡು ಡಿಸ್ಕುಗಳನ್ನೂ ಓದಲು ಮಾತ್ರ ಬರುವಂತೆ, ಒಂದಕ್ಷರವೂ ಬರೆಯಲಾಗದಂತೆ ತೆರೆದಳು. ಇಷ್ಟು ಎಚ್ಚರ ಸಾಕೇ ಎಂದು ಮತ್ತೊಮ್ಮೆ ನೋಡಿಕೊಂಡಳು. ಮೊದಲನೆಯದರಲ್ಲಿ ಕೊನೆಯ ಕಡತ ಇದೇ ವರ್ಷದ್ದು. ಎರಡನೆಯದು ಮೂರು ವರ್ಷದ ಹಿಂದೆ ನಿಂತುಹೋಗಿತ್ತು. ಅಂದು ಯಾವುದೋ ತಂತಿ ಸಡಿಲವಾಗಿಯೋ ಕರೆಂಟು ಹೋಗಿಬಂದೋ ಜೋಡಿಯಿಂದ ಕಳಚಿಕೊಂಡದ್ದು, ಯಾರ ಗಮನಕ್ಕೂ ಬಾರದೆ ಅದೇ ಪೆಟ್ಟಿಗೆಯಲ್ಲಿ ಪಕ್ಕದಲ್ಲೇ ಸುಮ್ಮನೆ ಕೂತಿತ್ತು. ಮೊದಲನೆಯದರಲ್ಲಿ 'ತಾಲೀಮು' ಎಂಬ ಫೋಲ್ಡರ್ ತೆರೆದಳು. ಖಾಲಿ. ಎರಡನೆಯದರಲ್ಲಿ ತೆರೆದಳು. ಪರದೆ ತುಂಬ ಹೆಸರುಗಳು ಇಳಿಯುತ್ತಲೇ ಹೋದವು, ಊರೂರಿನವು, ನಡುವೆ ಅವಳ ಊರಿನದೂ. ರೀಬಿಲ್ಡ್ ಒತ್ತಿದ್ದರೆ ಈಚೆಗಿನದು ಹಳೆಯದರ ಮೇಲೆ ಹರಡಿ, ಖಾಲಿ ಫೋಲ್ಡರು ತುಂಬಿದ ಫೋಲ್ಡರನ್ನು ನುಂಗಿಬಿಡುತ್ತಿತ್ತು. 

ಅವಳ ಊರಿನದನ್ನೇ ಹಾಕಿದಳು. ಹಾರ್ಮೋನಿಯಂನ ತಿದಿ ಉಸಿರೆಳೆದುಕೊಂಡಿತು, ಆಮೇಲೆ ಮೇಷ್ಟ್ರ ದನಿ, ಉಸಿರಲ್ಲ, ದನಿ, ಅಂಗಡಿಯ ಗಾಜಿನ ಶೋಕೇಸು ನಡುಗುವಂಥದು. ಅವಳು ವಾಲ್ಯೂಮ್ ತಗ್ಗಿಸಿದಳು, ಪಕ್ಕದ ಟೈಲರ್ ಅಂಗಡಿಯ ಮಿಷನ್ನು ಒಂದು ಗಳಿಗೆ ನಿಂತಿತ್ತು. ಕಣ್ಣ ಮುಂದೆ ಬಂದದ್ದು ಕೇರಿಯ ಸಮುದಾಯ ಭವನದ ಜಗಲಿ, ಚಾಪೆ, ಚಾಪೆಯ ಮೇಲೆ ಮೇಷ್ಟ್ರು, ಅವರ ಪಕ್ಕ ಅವರೇ ಮನೆಯಿಂದ ತಂದುಕೊಂಡ ನೀರಿನ ಚೊಂಬು. ಅವ್ವ ರಾಚಮ್ಮ ಬೆಳ್ಳಗೆ ಬೆಳಗಿದ ಲೋಟದಲ್ಲಿ ಕಾಫಿ ತಂದು ನಿಂತರೆ 'ಈಗ ಬ್ಯಾಡ ಕಣವ್ವ, ಗಂಟಲಿಗೆ ಆಗಲ್ಲ' ಎನ್ನುತ್ತಿದ್ದರು. ಆ ಕಾಫಿ ಅವಳ ಪಾಲಿಗೆ ಬರುತ್ತಿದ್ದುದರಿಂದ ಅವರು ಬೇಡ ಎನ್ನಲಿ ಎಂದೇ ಅವಳು ಕಾಯುತ್ತಿದ್ದಳು. ಟೇಪ್ ರೆಕಾರ್ಡರಿನ ಕೆಂಪು ಗುಂಡಿ ಒತ್ತುವ ಕೆಲಸ ಅವಳದು; ಆ ಟೇಪುಗಳೇ ಆಮೇಲೆ ಕಂಪ್ಯೂಟರಿಗೆ ಇಳಿದಿರಬೇಕು. ಮೇಷ್ಟ್ರು ತಲೆಯಾಡಿಸಿದಾಗ ಒತ್ತಬೇಕು, ಕೇರಿಯ ಮಕ್ಕಳಲ್ಲೆಲ್ಲ ನಿನಗೇ ಬುದ್ಧಿ ಹೆಚ್ಚು ಎಂದು ಅವರೇ ಆರಿಸಿದ್ದು. ಈಗ ಅಪ್ಪನ ದನಿ ಬಂತು, ಎಳೆಯದು, ಹುಮ್ಮಸ್ಸಿನದು. ದೂತನ ಪಾರ್ಟು, ಒಂದೇ ಹಾಡು: 'ಅರುಷದ ಒನಲು ಉದಯದಿ ಅರಿದದೆ.' ಹಾರ್ಮೋನಿಯಂ ನಿಂತಿತು. 'ಹರುಷದ ಹೊನಲು ಹೃದಯದಿ ಹರಿದಿದೆ' ಎಂದರು ಮೇಷ್ಟ್ರು. ಅಪ್ಪ ಮತ್ತೆ ಹೇಳಿದ. ಮತ್ತೆ ನಿಂತಿತು. ಮತ್ತೆ ಹೇಳಿದ, ಈಗ ದನಿಯಲ್ಲಿ ಹುಮ್ಮಸ್ಸು ಇಳಿದಿತ್ತು. 'ಬುಡು ದೇವ, ನಿಮ್ಮ ಕೇರಿ ನಾಲಗೆಗೆ ಹಕಾರ ಒಗ್ಗಲ್ಲ. ನಿಂಗೆ ಮಾತಿಲ್ಲದ ಪಾರ್ಟೇ ಸರಿ.' ಜಗಲಿಯೆಲ್ಲ ನಕ್ಕಿತು. ತಾಲ್ಲೂಕಿನಲ್ಲಿ ಅರ್ಧ ಜನರ ನಾಲಗೆಗೆ ಹಕಾರ ಒಗ್ಗುವುದಿಲ್ಲ, ಗೌಡರ ಮನೆಯವರೂ ಅಸು ಅಟ್ಟಿ ಎಂದೇ ಅನ್ನುವುದು. ಆದರೆ ಅವತ್ತು ಅವಳಿಗೆ ಅದು ತೋಚಿರಲಿಲ್ಲ. ಎಲ್ಲರ ನಗುವಿಗಿಂತ ಹತ್ತಿರದಲ್ಲಿ, ಮೈಕಿಗೆ ತುಟಿ ತಾಗುವಷ್ಟು ಹತ್ತಿರದಲ್ಲಿ, ಒಂದು ಹುಡುಗಿ ಕಿಲಕಿಲನೆ ನಗುತ್ತಿದ್ದಳು, ಉಳಿದವರೆಲ್ಲ ನಿಲ್ಲಿಸಿದ ಮೇಲೂ. ಆ ನಗು ತನ್ನದೆಂದು ತಿಳಿಯಲು ಸಂಘಮಿತ್ರಳಿಗೆ ಒಂದು ಕ್ಷಣ ಹಿಡಿಯಿತು.

ಆಗಲೇ ಕರೆಂಟು ಹೋಯಿತು. ಯುಪಿಎಸ್ಸು ಕೂಗತೊಡಗಿತು. ಅವಳು ಮಿಷನ್ನನ್ನು ನಿಧಾನವಾಗಿ, ಕ್ರಮವಾಗಿ ಮುಚ್ಚಿದಳು; ಪರದೆ ಕಪ್ಪಾಯಿತು. ಕಪ್ಪು ಪರದೆಯಲ್ಲಿ ತನ್ನ ಮುಖ ಕಾಣದ ಹಾಗೆ ಪಕ್ಕಕ್ಕೆ ತಿರುಗಿ ಕೂತಳು. ಇದು ಇದೆ ಎಂದು ಗೊತ್ತಿರುವುದು ಈಗ ತನಗೊಬ್ಬಳಿಗೇ. ಕರೆಂಟು ಬಂದ ಮೇಲೆ ಒಂದು ಗುಂಡಿ ಒತ್ತಿದರೆ ಸಾಕು, ವಸಂತ ಹೇಳಿದಂತೆ, ಅದೇ ನೋಡಿಕೊಳ್ಳುತ್ತದೆ. ಮೇಷ್ಟ್ರ ಆ ದೊಡ್ಡ ದನಿ ಇನ್ನೆಲ್ಲೂ ಇರುವುದಿಲ್ಲ. ನಿಮ್ಮ ಕೇರಿ ನಾಲಗೆ ಎಂದ ನಾಲಗೆ ಪೂರ್ತಿಯಾಗಿ ಸುಮ್ಮನಾಗುತ್ತದೆ, ಆ ಹುಡುಗಿಯ ನಗುವೂ ಅದರ ಜೊತೆಗೇ. ಯಾರಿಗೆ ನಷ್ಟ? ಅಳಿಸು ಎಂದು ಅವರೇ ಹೇಳಿದ್ದಾರೆ. ಆಸೆ ಬಾಯಲ್ಲಿ ನೀರೂರಿದಷ್ಟು ನಿಚ್ಚಳವಾಗಿತ್ತು, ಅದರಿಂದ ಅವಳಿಗೆ ನಾಚಿಕೆಯಾಗಲಿಲ್ಲ, ಆಶ್ಚರ್ಯವಾಯಿತು. ಆಮೇಲೆ, ಅದಕ್ಕಿಂತ ಗಟ್ಟಿಯಾದ ಇನ್ನೊಂದು ಆಸೆ ಮೇಲೆದ್ದಿತು: ಇದನ್ನು ಅವರ ಮುಂದೆ ಇಡಬೇಕು. ಅವರ ಕಿವಿಯಿಂದಲೇ ಕೇಳಿಸಿಕೊಳ್ಳಲಿ. ಅಪ್ಪನೆದುರಿಗೆ ಕೇಳಿಸಿಕೊಳ್ಳಲಿ. ಸ್ಕ್ರೂಡ್ರೈವರ್ ತೆಗೆದುಕೊಂಡು, ಬಾಗಿಲಿನಿಂದ ಬರುತ್ತಿದ್ದ ಬೆಳಕಿಗೆ ಪೆಟ್ಟಿಗೆ ತಿರುಗಿಸಿಕೊಂಡು, ಹಳೆಯ ಡಿಸ್ಕಿನ ತಿರುಪುಗಳನ್ನು ಒಂದೊಂದಾಗಿ ಬಿಚ್ಚಿ ಅದನ್ನು ಹೊರಗೆಳೆದಳು. ಇನ್ನು ಯಾರು ಯಾವ ಗುಂಡಿ ಒತ್ತಿದರೂ ಇದಕ್ಕೇನೂ ಆಗುವುದಿಲ್ಲ, ತಾನು ಒತ್ತಿದರೂ. ಕರೆಂಟು ಬಂದ ಕೂಡಲೇ ಅದನ್ನು ತನ್ನ ಸ್ವಂತ ಮಿಷನ್ನಿಗೆ ಹಾಕಿ ನಕಲು ತೆಗೆಯತೊಡಗಿದಳು. ನಡುವೆ ಯಾವುದೋ ಒಂದು ಕಡತದ ಮೇಲೆ ಅದು ಕೀಚಲು ಸದ್ದು ಮಾಡಿ ನಿಂತಿತು; ಅದನ್ನು ಬಿಟ್ಟು ಮುಂದಿನದಕ್ಕೆ ಹೋದಳು, ಕೊನೆಗೆ ಹಿಂದಿರುಗಿ ಅದನ್ನೇ ಮತ್ತೆ ಮತ್ತೆ ಓದಿಸಿದಳು, ಬರುವವರೆಗೆ ಬಿಡಲಿಲ್ಲ. ಊಟದ ಡಬ್ಬಿ ಬಿಚ್ಚಲಿಲ್ಲ. ಪ್ರಿಂಟ್ ತೆಗೆಸಲು ಬಂದವರಿಗೆ ನಾಳೆ ಬನ್ನಿ ಎಂದಳು. ಎಲ್ಲ ಮುಗಿದ ಮೇಲೆ ಅಸಲಿಗೂ ನಕಲಿಗೂ ತಾಳೆ ನೋಡಿ, ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಡ್ರಾಯರಿನಲ್ಲಿಟ್ಟಳು.

ಇಬ್ಬರೂ ಬಂದಾಗ ಬೀದಿಯ ನೆರಳು ಅಂಗಡಿಯೊಳಗೆ ಬಂದಿತ್ತು. ದೇವಯ್ಯನ ತೋಳಿಗೆಲ್ಲ ಮಿಲ್ಲಿನ ತೌಡು ಅಂಟಿತ್ತು. ಮೇಷ್ಟ್ರು ಕೂತು 'ಆಯ್ತೇನವ್ವ' ಎಂದು ಉಸಿರಿದರು.

'ಡಿಸ್ಕು ಎರಡಿದ್ದೋ ಮೇಷ್ಟ್ರೇ. ಒಂದರಲ್ಲಿ ತಾಲೀಮಿನ ಫೋಲ್ಡರು ಖಾಲಿ. ಕೆಟ್ಟು ಹೋದದ್ದಲ್ಲ, ಯಾರೋ ಅಳಿಸಿದಾರೆ.'

ಮೇಷ್ಟ್ರು ಮಫ್ಲರನ್ನು ಸಡಿಲಿಸಿ ಮತ್ತೆ ಬಿಗಿ ಮಾಡಿಕೊಂಡರು. 'ನಾನೇ' ಎಂದರು. ದೇವಯ್ಯ ಅವರ ಕಡೆಗೆ ತಿರುಗಿದ. 'ಆಸ್ಪತ್ರೆಯಿಂದ ಬಂದ ಮೇಲೆ ಒಂದಿವ್ಸ ಹಾಕ್ಕೊಂಡು ಕೇಳ್ದೆ. ಆಮೇಲೆ ಕೇಳಕ್ಕಾಗ್ಲಿಲ್ಲ. ಅಳಿಸ್ಬುಟ್ಟೆ. ದೇವಯ್ಯ ಬಂದು ಮಟ್ಟು ಕೊಡಿ ಅಂದಾಗ ನಾನೇ ಅಳಿಸ್ದೆ ಅನ್ನಕ್ಕೆ ಬಾಯಿ ಬರ್ಲಿಲ್ಲ. ಮಿಷನ್ ಕೆಟ್ಟಿತ್ತಲ್ಲ, ಅದರ ತಲೆ ಮೇಲೆ ಹಾಕೋಣ ಅಂದ್ಕೊಂಡೆ.' ಅಷ್ಟು ಮಾತಿಗೇ ಅವರಿಗೆ ಉಬ್ಬಸ ಬಂದಿತ್ತು. ಬೆಳಿಗ್ಗೆಯಿಂದ ತನ್ನನ್ನು ಓಡಿಸಿದ ಅವಮಾನಕ್ಕೆ ಅವರು ಕಾರಣರೇ ಅಲ್ಲ, ಅವಳ ಕೈಲಾಗುವುದೋ ಇಲ್ಲವೋ ಎಂದು ಅವರು ಯೋಚಿಸಿಯೇ ಇರಲಿಲ್ಲ. ಅದೂ ಒಂದು ಬಗೆಯ ಅವಮಾನದಂತೆಯೇ ಅವಳಿಗೆ ತೋರಿತು. 'ಇನ್ನೊಂದರಲ್ಲಿ ಎಲ್ಲ ಇದೆ' ಎಂದಳು. 'ಅದು ಜೋಡಿಯಿಂದ ಮುಂಚೆಯೇ ಬಿಟ್ಟುಹೋಗಿತ್ತು. ನೀವು ಅಳಿಸಿದ್ದು ಅದನ್ನ ಮುಟ್ಟಿಲ್ಲ.' ಹೇಳುತ್ತಲೇ ಅವಳು ಇಷ್ಟೊಂದು ಹೆಸರುಗಳಲ್ಲಿ ಆ ಒಂದನ್ನೇ ಆರಿಸಿ ಹಾಕಿದಳು. ಏನು ಮಾಡುತ್ತಿದ್ದೇನೆಂದು ಅವಳಿಗೆ ಚೆನ್ನಾಗಿ ಗೊತ್ತಿತ್ತು.

ದನಿ ಎದ್ದಾಗ ಮೇಷ್ಟ್ರ ಬೆರಳುಗಳು ಮಂಡಿಯ ಮೇಲೆ ಹಾರ್ಮೋನಿಯಂ ನುಡಿಸತೊಡಗಿದವು, ಅವರಿಗೆ ತಿಳಿಯದೆಯೇ. ಕಣ್ಣು ಒದ್ದೆಯಾಯಿತು. ದೂತನ ಹಾಡು ಬಂತು, ತಿದ್ದಿದ್ದು ಬಂತು, ಆ ಮಾತು ಬಂತು. ಬೆರಳು ನಿಂತಿತು. ನಗು ಬಂತು, ಕೊನೆಯಲ್ಲಿ ಆ ಹುಡುಗಿಯ ನಗುವೂ ಬಂದು ಹೋಯಿತು.  ಪಕ್ಕದಂಗಡಿಯಲ್ಲಿ ಟೈಲರನ ಕತ್ತರಿ ಬಟ್ಟೆ ಸೀಳುವ ಸದ್ದು ಕೇಳುತ್ತಿತ್ತು.

'ಮಟ್ಟು ಇರ್ಲಿ' ಎಂದರು ಮೇಷ್ಟ್ರು. 'ಆ ಮಾತೊಂದನ್ನ ಕತ್ತರಿಸಿ ತೆಗೆಯಕ್ಕೆ ಆಗುತ್ತೇನವ್ವ?'

'ಆಗುತ್ತೆ. ಆದ್ರೆ ತೆಗೆಯಲ್ಲ ಮೇಷ್ಟ್ರೇ. ಹೆಂಗಿತ್ತೋ ಹಂಗೇ ಕೊಡ್ತೀನಿ.'

ಅವರು ತಲೆ ತಗ್ಗಿಸಿ ನೆಲ ನೋಡುತ್ತಿದ್ದರು. ನೆತ್ತಿಯ ಕೂದಲು ತೆಳ್ಳಗಾಗಿತ್ತು, ಅದನ್ನು ನೋಡಬಾರದೆಂದು ಅವಳು ಬಲವಂತವಾಗಿ ಪರದೆಯ ಕಡೆ ನೋಡಿದಳು. 'ಸರಿ' ಎಂದರು ಕೊನೆಗೆ. 'ತಾಲೀಮಿನ ದಿವ್ಸ ನಿಮ್ಮ ಭವನದಲ್ಲೇ ಹಾಕು. ಎಲ್ಲರೂ ಕೇಳ್ಲಿ. ನಾನೂ ಅಲ್ಲೇ ಕೂತಿರ್ತೀನಿ.' ಅವಳಿಗೆ ಬೇಕಾಗಿದ್ದುದು ಇದೇ, ಇದಕ್ಕಿಂತ ಹೆಚ್ಚಾಗಿಯೇ ಸಿಕ್ಕಿತ್ತು. ಆದರೂ ಎದೆಯಲ್ಲಿ ಏನೂ ತುಂಬಿಕೊಳ್ಳಲಿಲ್ಲ. ಹೊಟ್ಟೆ ಹಸಿದಿದೆ ಎಂದು ಮಾತ್ರ ಅರಿವಾಯಿತು.

'ನೀವಿಬ್ರೂ ಮಾತಾಡ್ಕೊಂಡ್ರಿ' ಎಂದ ದೇವಯ್ಯ. ದನಿ ಏರಿರಲಿಲ್ಲ. 'ಅದ್ರಾಗೆ ಅನ್ನಿಸ್ಕೊಂಡೋನು ನಾನು. ಕತ್ತರಿಸ್ಬೇಕು ಅಂತೀರಿ ನೀವು, ಕತ್ತರಿಸಲ್ಲ ಅಂತಾಳೆ ಇವ್ಳು, ಎಲ್ರ್ ಮುಂದೆ ಹಾಕು ಅಂತೀರಿ. ನನ್ನ ಒಂದ್ ಮಾತು ಕೇಳ್ಬೇಕು ಅಂತ ಇಬ್ರಿಗೂ ಅನ್ನಿಸ್ನಿಲ್ವಲ್ಲ.'

ಅವನು ಈ ಸಲ ಬುದ್ದಿ ಎನ್ನಲಿಲ್ಲ, ಮೇಷ್ಟ್ರೇ ಎಂದೂ ಅನ್ನಲಿಲ್ಲ. ಸಂಘಮಿತ್ರಳ ಕಿವಿ ಬಿಸಿಯಾಯಿತು. ಬೆಳಿಗ್ಗೆಯಿಂದ ಅಪ್ಪನಿಗಾಗಿಯೇ ಎಂದುಕೊಂಡು ಮಾಡಿದ ಕೆಲಸದಲ್ಲಿ ಅಪ್ಪ ಎಲ್ಲೂ ಇರಲಿಲ್ಲ. ಡ್ರಾಯರಿನಲ್ಲಿ ಸುತ್ತಿಟ್ಟ ಡಿಸ್ಕಿನ ಹಾಗೆ ಅವನನ್ನೂ ತಾನು ಜೋಪಾನ ಮಾಡಿ ಎತ್ತಿಟ್ಟಿದ್ದಳು. 'ಅಪ್ಪ' ಎಂದಳು, 'ಆ ನಗು...'

'ಗೊತ್ತು ಕಣವ್ವ. ನೀನು ನಕ್ಕಿದ್ದು ಅವತ್ತೇ ಕೇಳ್ಸಿತ್ತು. ನಾನಲ್ಲೇ ಇದ್ನಲ್ಲ.'

 'ಏನ್ ಮಾಡ್ಲಪ್ಪ, ನೀನೇ ಹೇಳು' ಎಂದಳು. ಎಷ್ಟೋ ವರ್ಷಗಳ ಮೇಲೆ ಅವನನ್ನು ಏನಾದರೂ ಕೇಳಿದ್ದಳು. ದೇವಯ್ಯ ಇನ್ನೊಂದು ಕಿತ ಹಾಕು ಎಂದ. ಅವಳು ಹಾಕಿದಳು. ಅವನು ಕಣ್ಣು ಮುಚ್ಚಿ, ಆ ಮಾತಿನ ಆಚೆಗೂ, ನಗುವಿನ ಆಚೆಗೂ, ಮೇಷ್ಟ್ರು ಅದೇ ಹಾಡನ್ನು ತಾವೇ ಪೂರ್ತಿ ಹಾಡಿ ಮುಗಿಸುವವರೆಗೂ ಕೇಳಿದ. ತುಟಿ ಸಣ್ಣಗೆ ಅಲುಗುತ್ತಿತ್ತು.

'ಕತ್ತರಿಸ್ಬ್ಯಾಡ, ಇರ್ಲಿ' ಎಂದ. 'ಆದ್ರೆ ನಾನಿರೋ ಕಡೆ ಮಾತ್ರ ಹಾಕಿ. ನಾನಿಲ್ದೆ ಇರೋವಾಗ ಯಾರೂ ನಗೋದು ಬ್ಯಾಡ, ಅಯ್ಯೋ ಅನ್ನೋದೂ ಬ್ಯಾಡ. ಏನಿದ್ರೂ ನನ್ನೆದ್ರಿಗೆ ಆಗ್ಲಿ.' ಮೇಷ್ಟ್ರು ಹೂಂ ಎಂದರು. ಆ ಹೂಂ ಎಂಬುದರಲ್ಲಿ ದನಿಯಿರಲಿಲ್ಲ, ಆದರೂ ಇಬ್ಬರಿಗೂ ಕೇಳಿಸಿತು.

ಕೆಲಸ ಇನ್ನೂ ಉಳಿದಿತ್ತು. ಮೇಷ್ಟ್ರ ಮಿಷನ್ನಿನಲ್ಲಿ ಈಗ ಒಂದೇ ಡಿಸ್ಕು, ಖಾಲಿ ಫೋಲ್ಡರಿನದು. ಅದರಲ್ಲಿದ್ದ ಉಳಿದ ಫೋಟೋ ಪತ್ರಗಳನ್ನು ಅವಳು ಆಗಲೇ ನಕಲು ಮಾಡಿಕೊಂಡಿದ್ದಳು. ಮದರ್‌ಬೋರ್ಡಿನ ಸೆಟ್ಟಿಂಗಿನೊಳಗೆ ಹೋಗಿ ರೇಡನ್ನು ತೆಗೆದುಹಾಕಿ, ಹಳೆಯ ಜೋಡಿಯ ಗುರುತನ್ನು ಅಳಿಸಿ, ಲಿನಕ್ಸನ್ನು ಮತ್ತೆ ಶುರು ಮಾಡಿದಳು. ಈ ಸಲ ಒಂದೇ ಡಿಸ್ಕು ಕಂಡಿತು, ಅನುಮಾನಕ್ಕೆ ಎಡೆಯಿಲ್ಲದಂತೆ. ಇದರಲ್ಲಿರುವುದೆಲ್ಲ ಹೋಗುತ್ತದೆ, ಮುಂದುವರಿಯಲೇ ಎಂದು ಅದು ಕೇಳಿತು. ಅವಳು ಒತ್ತಲಿಲ್ಲ. ಡ್ರಾಯರಿನಿಂದ ಬಟ್ಟೆಯ ಗಂಟನ್ನು ತೆಗೆದು ಬಿಚ್ಚಿ ಮೇಜಿನ ಮೇಲಿಟ್ಟಳು. 'ಇಲ್ಲಿ ಬಂದು ನೋಡಪ್ಪ. ಮಿಷನ್ನಲ್ಲಿರೋದು ಅಳ್ಸೋದು. ಇದು ನಿನ್ನ ಹಾಡಿರೋದು, ಇದನ್ನ ಮುಟ್ಟಲ್ಲ. ನೀನೇ ನೋಡಿ ಹೇಳು.'

ದೇವಯ್ಯ ತೋಳಿನ ತೌಡು ಕೊಡವಿಕೊಂಡು ಬಂದ. ಡಿಸ್ಕನ್ನು ಎತ್ತಿ ತೂಕ ನೋಡುವವನ ಹಾಗೆ ಅಂಗೈಯಲ್ಲಿ ಹಿಡಿದು, ಪರದೆಗೆ ಬಾಗಿ, ಅಲ್ಲಿ ಕನ್ನಡದಲ್ಲಿ ಬಂದಿದ್ದುದನ್ನು ಒಂದೊಂದೇ ಅಕ್ಷರ ಕೂಡಿಸಿಕೊಂಡು ಓದತೊಡಗಿದ. ಮೇಷ್ಟ್ರೂ ಎದ್ದು ಬಂದು ಅವನ ಹಿಂದೆ ನಿಂತರು. ಅವಳು ಕಾದಳು. ಓದುವುದು ನಿಧಾನವಾಗಿತ್ತು, ನಡುವೆ ತಡೆಯಿತು, ಮತ್ತೆ ಹಿಂದಿನಿಂದ ಶುರುವಾಯಿತು. ಅವಳು ಹೇಳಿಕೊಡಲಿಲ್ಲ.

'ಹೂಂ, ಒತ್ತು' ಎಂದ ದೇವಯ್ಯ.

ಅವಳು ಒತ್ತಿದಳು.